ದುರ್ಬಲ ಹೃದಯ ಮತ್ತು ನಿಮ್ಮ ಅಡುಗೆಮನೆ

'ಹಾರ್ಟ್ ಫೇಲ್ಯೂರ್' ಎಂದು ವೈದ್ಯರು ಹೇಳಿದೊಡನೆ ಮನೆಯವರ ಕೈಕಾಲು ತಣ್ಣಗಾಗುತ್ತದೆ. ಹೃದಯ ಇನ್ನೇನು ನಿಂತೇ ಹೋಗುತ್ತದೆ ಎಂದು ಭಾವಿಸುವವರೇ ಹೆಚ್ಚು. ಆದರೆ ಅದರ ಅರ್ಥ ಹಾಗಲ್ಲ. ಶರೀರಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡುವ ಶಕ್ತಿ ಹೃದಯಕ್ಕೆ ಕುಂದಿದೆ ಎಂದರ್ಥ. ಆಗ ದೇಹದಲ್ಲಿ ಉಪ್ಪು, ನೀರು ಉಳಿದುಕೊಳ್ಳುತ್ತವೆ. ಪಾದಗಳು ಊದುತ್ತವೆ, ಮಲಗಿದರೆ ಉಸಿರು ಕಟ್ಟುತ್ತದೆ.

ಔಷಧಿ ಕೊಡುವುದು ವೈದ್ಯರ ಕೆಲಸ. ಆದರೆ ಅದು ಫಲಿಸಬೇಕಾದರೆ ನಿಮ್ಮ ಅಡುಗೆಮನೆಯ ಸಹಕಾರ ಬೇಕು.

ಮೊದಲು ಉಪ್ಪಿನ ವಿಷಯ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರಿಗೆ ಹಾಕಿದ್ದು ಮಾತ್ರವಲ್ಲ, ಉಪ್ಪಿನಕಾಯಿ, ಹಪ್ಪಳ, ಒಣಮೀನು, ಬೇಕರಿ ತಿಂಡಿಗಳಲ್ಲಿ ಇರುವುದೂ ಈ ಲೆಕ್ಕಕ್ಕೆ ಸೇರುತ್ತದೆ. ರೋಗಿಗೆ ಮಾತ್ರ ಸಪ್ಪೆ ಸಾರು ಬಡಿಸಿ, ಉಳಿದವರು ಅವರ ಮುಂದೆಯೇ ಖಾರದ ಒಣಮೀನು ಸವಿದರೆ ಅವರ ಪಥ್ಯ ಎಷ್ಟು ದಿನ ಬಾಳೀತು? ಇಡೀ ಮನೆಗೇ ಉಪ್ಪು ಕಡಿಮೆ ಮಾಡಿ. ಲಿಂಬೆರಸ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು ರುಚಿಯ ಕೊರತೆಯನ್ನು ತುಂಬುತ್ತವೆ. 'ಲೋ ಸೋಡಿಯಂ' ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ಬಳಸಬೇಡಿ. ಅದರಲ್ಲಿರುವ ಪೊಟಾಸಿಯಂ ಕೆಲವು ಹೃದ್ರೋಗದ ಮಾತ್ರೆಗಳೊಂದಿಗೆ ಸೇರಿದರೆ ಅಪಾಯ.

ನೀರಿಗೆ ವೈದ್ಯರು ಮಿತಿ ಹೇಳಿದ್ದರೆ ಚಹಾ, ಮಜ್ಜಿಗೆ, ಗಂಜಿತಿಳಿಯನ್ನೂ ಆ ಲೆಕ್ಕಕ್ಕೆ ಸೇರಿಸಿ.

ಪ್ರತಿದಿನ ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ತಿನ್ನುವ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚಾದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು ತುಂಬಿದ್ದು. ಕೂಡಲೇ ವೈದ್ಯರಿಗೆ ತಿಳಿಸಿ. ಕುಳಿತಲ್ಲೇ ಏದುಸಿರು, ಎದೆನೋವು ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಮೊಣಕಾಲು ನೋವೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೇನ್ ತಂದು ಕೊಡಬೇಡಿ. ಇವು ದೇಹದಲ್ಲಿ ನೀರು ನಿಲ್ಲುವಂತೆ ಮಾಡುತ್ತವೆ.

ಬೀಡಿ, ಸಿಗರೇಟು ಬಿಡಲೇಬೇಕು. ಹಾಗೆಂದು ಸದಾ ಹಾಸಿಗೆಯಲ್ಲೇ ಇರಬೇಕಾಗಿಲ್ಲ. ವೈದ್ಯರು ಒಪ್ಪಿದರೆ ನಿಧಾನವಾಗಿ ನಡೆಯಲಿ. ಮಾತನಾಡಲಾಗದಷ್ಟು ಉಸಿರು ಬಂದರೆ ನಿಲ್ಲಿಸಲಿ.

ರಮಝಾನ್ ಬಂದಾಗ ಉಪವಾಸದ ಬಗ್ಗೆ ವೈದ್ಯರೊಡನೆ ಮೊದಲೇ ಮಾತನಾಡಿ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ದಿನವಿಡೀ ನೀರಿಲ್ಲದೆ ಇರುವುದು ಅಪಾಯಕರವಾಗಬಹುದು. ರೋಗಿಗಳಿಗೆ ಕುರ್‌ಆನ್ ನೀಡಿರುವ ರಿಯಾಯಿತಿಯನ್ನು ಪಡೆಯಲು ಸಂಕೋಚವೇಕೆ?

ಕೊನೆಯದಾಗಿ ಸಹೋದರಿಯರೇ, ಈ ರೋಗ ಗಂಡಸರಿಗೆ ಮಾತ್ರ ಬರುವುದಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು, ಸಂಜೆ ಪಾದಗಳ ಊತ, ರಾತ್ರಿ ಎರಡು ದಿಂಬು ಬೇಕೆನಿಸುವುದು ಇವನ್ನು 'ಕೆಲಸದ ಆಯಾಸ' ಎಂದು ನೀವೇ ತೀರ್ಮಾನಿಸಬೇಡಿ. ಹೆರಿಗೆಯ ನಂತರದ ತಿಂಗಳುಗಳಲ್ಲಿಯೂ ಹೃದಯ ದುರ್ಬಲವಾಗುವುದುಂಟು. ಮನೆಯವರೆಲ್ಲರ ಔಷಧಿಯ ಸಮಯ ನೆನಪಿಡುವ ನೀವು, ನಿಮ್ಮದೇ ಉಸಿರಿನ ಕಡೆಗೂ ಸ್ವಲ್ಪ ಗಮನ ಕೊಡಿ.