ಫೈಲಿನೊಳಗೇ ಇದೆ ಚಿತ್ರ

ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಕೈಗೆ ಬಂದ ಕೆಲವೇ ದಿನಗಳಲ್ಲಿ ಬಲ್ಲವರು ಯಾರಾದರೂ ಒಂದು ಮಾತು ಹೇಳಿಯೇ ಹೇಳುತ್ತಾರೆ: ‘ಜೆಪೆಗ್ ಬೇಡ, ರಾ ತೆಗೆಯಿರಿ.’ ಸಲಹೆ ಒಳ್ಳೆಯದೇ. ತೊಡಕು ಶುರುವಾಗುವುದು ಆ ಫೈಲುಗಳನ್ನು ಮನೆಯ ಹತ್ತು ಹನ್ನೆರಡು ವರ್ಷದ ಹಳೆಯ ಕಂಪ್ಯೂಟರಿಗೆ ಇಳಿಸಿದಾಗ. ಮದುವೆಯ ಮಂಟಪವೋ ಕಬಿನಿ ಹಿನ್ನೀರಿನ ಆನೆಯೋ ಕಾಣಬೇಕಾದ ಜಾಗದಲ್ಲಿ ಖಾಲಿ ಹಾಳೆಯ ಗುರುತುಗಳು ಸಾಲಾಗಿ ನಿಂತಿರುತ್ತವೆ. ಒತ್ತಿದರೆ, ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಯಂತ್ರವೇ ತಿರುಗಿ ಕೇಳುತ್ತದೆ. ಆಗ ಸಿಗುವ ಉತ್ತರ ಬಹುತೇಕ ಒಂದೇ: ನಿಮ್ಮ ಕಂಪ್ಯೂಟರಿಗೆ ಶಕ್ತಿ ಸಾಲದು, ಹೊಸದು ತೆಗೆದುಕೊಳ್ಳಿ. ಚಿತ್ರವನ್ನು ನೋಡುವ ಮಟ್ಟಿಗೆ ಈ ಉತ್ತರ ತಪ್ಪು. ಆ ಕಂಪ್ಯೂಟರಿನ ಶಕ್ತಿ ಸಾಕಷ್ಟಿದೆ. ಅದಕ್ಕೆ ಗೊತ್ತಿಲ್ಲದಿರುವುದು ಆ ಫೈಲಿನ ಭಾಷೆ. ಭಾಷೆಯನ್ನು ಹೇಳಿಕೊಡುವುದಕ್ಕೆ ಖರ್ಚೇನೂ ಇಲ್ಲ.

ರಾ ಎಂದರೆ ಕಚ್ಚಾ. ಕ್ಯಾಮೆರಾದ ಸೆನ್ಸರ್ ಮೇಲೆ ಬಿದ್ದ ಬೆಳಕನ್ನು ಅಳೆದು ಬರೆದಿಟ್ಟ ಲೆಕ್ಕ ಅದು, ಇನ್ನೂ ಚಿತ್ರವಾಗಿಲ್ಲ. ಸೆನ್ಸರಿನ ಒಂದೊಂದು ಬಿಂದುವಿಗೂ ಬಣ್ಣ ತಿಳಿಯುವುದಿಲ್ಲ, ಬೆಳಕು ಎಷ್ಟು ಎಂಬುದಷ್ಟೇ ತಿಳಿಯುತ್ತದೆ. ಅದಕ್ಕಾಗಿ ಪ್ರತಿ ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿ ಗಾಜಿನಂಥ ಒಂದು ಸೋಸುಪದರ ಇರುತ್ತದೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ರೂಪಿಸಿ 1976ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆಯಲ್ಲಿ ನಾಲ್ಕು ಬಿಂದುಗಳಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸೂಕ್ಷ್ಮ, ಅದಕ್ಕೇ ಹಸಿರಿಗೆ ಎರಡು ಪಾಲು. ಒಂದು ಬಿಂದುವಿನಲ್ಲಿ ಇಲ್ಲದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಅಂದಾಜು ಮಾಡಿ ತುಂಬಿದ ಮೇಲೆಯೇ ಅದು ಚಿತ್ರ. ಜೆಪೆಗ್ ಆರಿಸಿಕೊಂಡರೆ ಈ ಅಡುಗೆಯನ್ನು ಕ್ಯಾಮೆರಾವೇ ಮುಗಿಸಿ, ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಿಗೆ ಇಳಿಸಿ, ಉಳಿದದ್ದನ್ನು ಎಸೆದುಬಿಡುತ್ತದೆ. ರಾ ಆರಿಸಿಕೊಂಡರೆ 12 ಬಿಟ್‌ನಲ್ಲಿ 4,096, 14 ಬಿಟ್‌ನಲ್ಲಿ 16,384 ಮೆಟ್ಟಿಲುಗಳ ಲೆಕ್ಕ ಹಾಗೇ ಉಳಿಯುತ್ತದೆ. ನೆರಳಲ್ಲಿ ಮುಳುಗಿದ ಮುಖವನ್ನು ಆಮೇಲೆ ಮೇಲೆತ್ತಲು ಆಗುವುದು ಇದರಿಂದಲೇ.

ಚಿತ್ರವಾಗದ ಲೆಕ್ಕವನ್ನು ಹಳೆಯ ಕಂಪ್ಯೂಟರ್ ಹೇಗೆ ತೋರಿಸೀತು ಎಂಬ ಅನುಮಾನ ಇಲ್ಲಿ ಸಹಜ. ಆದರೆ ರಾ ಫೈಲು ಬರಿಯ ಲೆಕ್ಕದ ಪುಸ್ತಕವಲ್ಲ, ಒಂದು ಚೀಲ. ಷಟರ್ ಒತ್ತಿದ ತಕ್ಷಣ ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಚಿತ್ರ ಮೂಡುತ್ತದಲ್ಲ, ಅದು ಎಲ್ಲಿಂದ ಬಂತು? ಕ್ಯಾಮೆರಾ ರಾ ಲೆಕ್ಕದ ಜೊತೆಯಲ್ಲೇ ಒಂದು ಸಿದ್ಧ ಜೆಪೆಗ್ ಚಿತ್ರವನ್ನೂ ಮಾಡಿ ಅದೇ ಚೀಲದೊಳಗೆ ಇಟ್ಟಿರುತ್ತದೆ. ನಿಕಾನ್‌ನ ಎನ್‌ಇಎಫ್, ಕ್ಯಾನನ್‌ನ ಸಿಆರ್2, ಸೋನಿಯ ಎಆರ್‌ಡಬ್ಲ್ಯು, ಹೆಸರು ಯಾವುದಾದರೂ ಈ ಪದ್ಧತಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ. ಎಷ್ಟೋ ಮಾದರಿಗಳಲ್ಲಿ ಒಳಗಿನ ಈ ಜೆಪೆಗ್ ಪೂರ್ಣ ಗಾತ್ರದ್ದೇ. ಸೋನಿಯ ಅನೇಕ ಮಾದರಿಗಳಲ್ಲಿ ಅದು 1616×1080 ಬಿಂದುಗಳಷ್ಟು ಚಿಕ್ಕದು. ಚಿಕ್ಕದು ಎಂದರೂ ಹಳೆಯ ಲ್ಯಾಪ್‌ಟಾಪಿನ ಪರದೆ ಸಾಮಾನ್ಯವಾಗಿ 1366×768, ಒಟ್ಟು ಸುಮಾರು ಹತ್ತೂವರೆ ಲಕ್ಷ ಬಿಂದು. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದಾದರೆ ಆ ಪರದೆ ಒಂದು ಬಾರಿಗೆ ಅದರ ಸುಮಾರು ಇಪ್ಪತ್ತಮೂರನೆಯ ಒಂದು ಪಾಲನ್ನಷ್ಟೇ ತೋರಿಸಬಲ್ಲದು. ಪರದೆ ತುಂಬಲು ಒಳಗಿರುವ ಚಿಕ್ಕ ಚಿತ್ರವೇ ಸಾಕು, ಮಿಕ್ಕುತ್ತದೆ. ಹದಿನೈದು ವರ್ಷದ ಹಳೆಯ ಯಂತ್ರವೂ ಒಂದು ಜೆಪೆಗ್ ಚಿತ್ರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ರಾ ಫೈಲನ್ನು ನೋಡುವುದು ಎಂದರೆ ಹೆಚ್ಚಿನ ಸಲ ಆ ಚೀಲದ ಬಾಯಿ ಬಿಚ್ಚಿ ಸಿದ್ಧ ಚಿತ್ರವನ್ನು ಹೊರಗೆ ತೆಗೆಯುವುದು, ಅಷ್ಟೇ.

ಹಾಗಿದ್ದರೆ ಕಂಪ್ಯೂಟರ್ ತಾನಾಗಿಯೇ ಏಕೆ ಬಿಚ್ಚುವುದಿಲ್ಲ? ಈ ಪ್ರಶ್ನೆಗೆ ಉತ್ತರ ಕ್ಯಾಮೆರಾ ಕಂಪನಿಗಳ ಗುಟ್ಟಿನಲ್ಲಿದೆ. ಒಂದೊಂದು ಕಂಪನಿಯದೂ ಒಂದೊಂದು ರಾ, ಅದರಲ್ಲೂ ಮಾದರಿಯಿಂದ ಮಾದರಿಗೆ ಬದಲಾವಣೆ, ಒಳರಚನೆಯ ವಿವರ ಹೊರಗಿನವರಿಗೆ ಇಲ್ಲ. 2005ರಲ್ಲಿ ನಿಕಾನ್ ತನ್ನ ಡಿ2ಎಕ್ಸ್ ಕ್ಯಾಮೆರಾದ ಫೈಲುಗಳಲ್ಲಿ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆದಿದ್ದು ದೊಡ್ಡ ಜಗಳಕ್ಕೇ ಕಾರಣವಾಯಿತು. ತಾನು ತೆಗೆದ ಚಿತ್ರದ ಬಣ್ಣದ ಲೆಕ್ಕ ಓದಲು ಛಾಯಾಗ್ರಾಹಕನೇ ಕಂಪನಿಯ ಅಪ್ಪಣೆ ಕೇಳಬೇಕೇ ಎಂಬುದು ಆಗಿನ ಪ್ರಶ್ನೆ. ಆ ಬೀಗವನ್ನು ಬಿಡಿಸಿದವರಲ್ಲಿ ಡೇವ್ ಕಾಫಿನ್ ಒಬ್ಬರು. 1997ರಿಂದ ಅವರು ‘ಡಿಸಿರಾ’ ಎಂಬ ಪುಟ್ಟ ತಂತ್ರಾಂಶವನ್ನು ಬರೆಯುತ್ತ ಬಂದಿದ್ದರು. ಕಂಪನಿಗಳು ಹೇಳದ ರಚನೆಯನ್ನು ಫೈಲುಗಳನ್ನೇ ಬಗೆದು ನೋಡಿ ಕಂಡುಹಿಡಿದು, ನೂರಾರು ಕ್ಯಾಮೆರಾಗಳ ಭಾಷೆಯನ್ನು ಒಂದೇ ಕಡತದ ಸಿ ಭಾಷೆಯ ಪ್ರೋಗ್ರಾಮಿನಲ್ಲಿ ಸೇರಿಸಿ, ಯಾರು ಬೇಕಾದರೂ ಬಳಸಲಿ ಎಂದು ಹಂಚಿದರು. 2018ರ ನಂತರ ಅದರ ಹೊಸ ಆವೃತ್ತಿ ಬರಲಿಲ್ಲ. ಆದರೆ ಅದರಿಂದ ಹುಟ್ಟಿದ ಲಿಬ್‌ರಾ ಇಂದಿಗೂ ಬೆಳೆಯುತ್ತಿದೆ. ಮೈಕ್ರೋಸಾಫ್ಟ್‌ನಂಥ ದೊಡ್ಡ ಕಂಪನಿ 2019ರಲ್ಲಿ ವಿಂಡೋಸ್ 10ಕ್ಕೆ ರಾ ನೋಡುವ ಸೌಲಭ್ಯ ಕೊಟ್ಟಾಗ ನೆಚ್ಚಿಕೊಂಡಿದ್ದು ಇದೇ ಲಿಬ್‌ರಾವನ್ನು. ಅದಕ್ಕೂ ಮೊದಲು ವಿಂಡೋಸ್ ಎಕ್ಸ್‌ಪಿಗೆ 2005ರಲ್ಲಿ ಒಂದು ಪುಟ್ಟ ವೀಕ್ಷಕ, ವಿಸ್ತಾ ಮತ್ತು ವಿಂಡೋಸ್ 7ಕ್ಕೆ 2011ರಲ್ಲಿ ಒಂದು ಕೋಡೆಕ್ ಪ್ಯಾಕ್ ಬಂದಿದ್ದವು. ಅವು ಆ ಕಾಲದವರೆಗಿನ ಕ್ಯಾಮೆರಾಗಳನ್ನು ಮಾತ್ರ ಬಲ್ಲವು. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಕಂಪನಿಯ ಬೆಂಬಲ ನಿಂತಿತು. ಆಪಲ್ ಕೂಡ ಹೊಸ ಕ್ಯಾಮೆರಾಗಳ ಪರಿಚಯವನ್ನು ತನ್ನ ವ್ಯವಸ್ಥೆಯ ಅಪ್‌ಡೇಟ್ ಜೊತೆಗೇ ಕೊಡುವುದರಿಂದ, ಅಪ್‌ಡೇಟ್ ನಿಂತ ಮ್ಯಾಕ್‌ಗೆ ನಿನ್ನೆ ಮೊನ್ನೆ ಬಂದ ಕ್ಯಾಮೆರಾ ಅಪರಿಚಿತ. ಯಂತ್ರ ಕುಂಟಿದ್ದಲ್ಲ, ಅದಕ್ಕೆ ಪಾಠ ಹೇಳುವವರು ಎದ್ದು ಹೋದರು.

ಪಾಠ ಹೇಳಲು ಬೇರೆಯವರಿದ್ದಾರೆ. ವಿಂಡೋಸ್ ಇರುವ ಹಳೆಯ ಯಂತ್ರಗಳಿಗೆ ಇರ್ಫಾನ್‌ವ್ಯೂ, ಫಾಸ್ಟ್‌ಸ್ಟೋನ್ ಇಮೇಜ್ ವ್ಯೂವರ್, ಎಕ್ಸ್‌ಎನ್‌ವ್ಯೂ, ಮೂರೂ ಮನೆಬಳಕೆಗೆ ಉಚಿತ, ಮೂರೂ ಹಗುರ. ಇರ್ಫಾನ್‌ವ್ಯೂಗೆ ಅದರದೇ ಪ್ಲಗಿನ್‌ಗಳನ್ನೂ ಜೊತೆಗೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ರಾ ತೆರೆಯುವುದಿಲ್ಲ. ಸೆಟ್ಟಿಂಗ್‌ನಲ್ಲಿ ಒಳಗಿನ ಪ್ರಿವ್ಯೂ ತೋರಿಸು ಎಂಬ ಆಯ್ಕೆಯನ್ನು ಗುರುತು ಮಾಡಿದರೆ ನೂರಾರು ಚಿತ್ರಗಳನ್ನು ಬಾಣದ ಕೀಲಿ ಒತ್ತುತ್ತ ಸಲೀಸಾಗಿ ನೋಡಬಹುದು. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡವರಿಗೆ ಗೀಕಿ ಎಂಬ ವೀಕ್ಷಕ ಇದೇ ಕೆಲಸ ಮಾಡುತ್ತದೆ. ಎಷ್ಟೋ ವೇಳೆ ತಡೆ ರಾದಲ್ಲೂ ಇರುವುದಿಲ್ಲ, ಮೆಮೊರಿ ಕಾರ್ಡಿನಲ್ಲಿ ಇರುತ್ತದೆ. 32 ಜಿಬಿಗಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆಯಲ್ಲಿರುತ್ತವೆ. ಅದನ್ನು ಓದಲು ವಿಂಡೋಸ್ ಎಕ್ಸ್‌ಪಿಗೆ ಪ್ರತ್ಯೇಕ ಅಪ್‌ಡೇಟ್ ಬೇಕು. ಲ್ಯಾಪ್‌ಟಾಪಿನ ಪಕ್ಕದ ಹಳೆಯ ಕಾರ್ಡ್ ಕಿಂಡಿಗೂ ಅಂಥ ಕಾರ್ಡ್ ಗೊತ್ತಿರದೆ ಹೋಗಬಹುದು. ಆಗ ‘ಫಾರ್ಮ್ಯಾಟ್ ಮಾಡಲೇ?’ ಎಂಬ ಪ್ರಶ್ನೆ ಪರದೆಗೆ ಬಂದರೆ ದಯವಿಟ್ಟು ಹೂಂ ಎನ್ನಬೇಡಿ, ಕಾರ್ಡಿನಲ್ಲಿದ್ದ ಚಿತ್ರಗಳೇ ಹೋಗುತ್ತವೆ. ಒಂದು ಹೊಸ ಯುಎಸ್‌ಬಿ ಕಾರ್ಡ್ ರೀಡರ್ ಅಥವಾ ಕ್ಯಾಮೆರಾದ ಜೊತೆಗೇ ಬಂದ ಕೇಬಲ್ ಇದಕ್ಕೆ ಪರಿಹಾರ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಒಳಗಿನ ಜೆಪೆಗ್ ನೋಡಿದರೆ ರಾ ನೋಡಿದಂತಾಯಿತೇ? ಆಗಲಿಲ್ಲ. ಆ ಜೆಪೆಗ್‌ನಲ್ಲಿ ಬೆಳ್ಳಗೆ ಸುಟ್ಟುಹೋದಂತೆ ಕಾಣುವ ಮೋಡದ ಅಂಚಿನಲ್ಲಿ ರಾ ಲೆಕ್ಕದ ಪ್ರಕಾರ ಇನ್ನೂ ವಿವರ ಉಳಿದಿರಬಹುದು. ಕ್ಯಾಮೆರಾದಲ್ಲಿ ಕಪ್ಪು ಬಿಳುಪು ಶೈಲಿ ಇಟ್ಟಿದ್ದರೆ ಒಳಗಿನ ಚಿತ್ರವೂ ಕಪ್ಪು ಬಿಳುಪಾಗಿರುತ್ತದೆ, ಬಣ್ಣದ ಲೆಕ್ಕ ಪೂರ್ತಿ ಇದ್ದರೂ. ಹೆಚ್ಚು ಕತ್ತಲಾಯಿತೆಂದು ಆ ಚಿತ್ರ ನೋಡಿ ಫೈಲನ್ನೇ ಅಳಿಸಿದವರು ಉಳಿಸಬಹುದಾಗಿದ್ದನ್ನು ಕಳೆದುಕೊಂಡಂತೆ. ಒಳಗಿನ ಚಿತ್ರ ಚಿಕ್ಕದಾಗಿದ್ದರೆ ಹಕ್ಕಿಯ ಕಣ್ಣಿಗೆ ಫೋಕಸ್ ಕೂತಿದೆಯೋ ಇಲ್ಲವೋ ಎಂಬುದನ್ನೂ ಅದರಿಂದ ಹೇಳಲಾಗದು. ಆದರೆ ಸಾವಿರ ಚಿತ್ರಗಳಲ್ಲಿ ಯಾವುದರಲ್ಲಿ ವಧು ಕಣ್ಣು ಮುಚ್ಚಿದ್ದಾಳೆ, ಯಾವುದರಲ್ಲಿ ಆನೆ ಬೆನ್ನು ತಿರುಗಿಸಿದೆ ಎಂದು ಆರಿಸಲು ಸುಟ್ಟ ಮೋಡದ ವಿವರ ಬೇಕಿಲ್ಲ. ನೋಡುವುದು ಬೇರೆ, ಸಂಸ್ಕರಿಸುವುದು ಬೇರೆ. ಫಿಲ್ಮ್ ಕಾಲದಲ್ಲಿ ನೆಗೆಟಿವ್‌ಗಳನ್ನು ಸಾಲಾಗಿ ಒಂದೇ ಹಾಳೆಗೆ ಚಿಕ್ಕದಾಗಿ ಮುದ್ರಿಸಿ, ಅದರಲ್ಲಿ ಗುರುತು ಹಾಕಿ, ಗುರುತು ಬಿದ್ದದ್ದನ್ನಷ್ಟೇ ದೊಡ್ಡದು ಮಾಡುತ್ತಿದ್ದರು. ಒಳಗಿನ ಜೆಪೆಗ್ ಇಂದಿನ ಆ ಹಾಳೆ.

ಆರಿಸಿದ ಹತ್ತು ಚಿತ್ರಗಳ ನಿಜವಾದ ರಾ ನೋಡಲೇಬೇಕು ಎಂದರೂ ಹಳೆಯ ಯಂತ್ರ ಕೈಚೆಲ್ಲುವುದಿಲ್ಲ, ತಡಮಾಡುತ್ತದೆ. ಲೆಕ್ಕ ಹಾಕಿ ನೋಡಿ. 24 ಮೆಗಾಪಿಕ್ಸೆಲ್‌ನ 14 ಬಿಟ್ ರಾ, ಕುಗ್ಗಿಸದೆ ಇದ್ದರೆ ಸುಮಾರು 42 ಎಂಬಿ. ಪ್ರತಿ ಬಿಂದುವಿಗೂ ಮೂರು ಬಣ್ಣ ತುಂಬಿ 16 ಬಿಟ್‌ನಲ್ಲಿ ಹರಡಿದರೆ ಮೆಮೊರಿಯಲ್ಲಿ 144 ಎಂಬಿ ಹಿಡಿಯುತ್ತದೆ. ತಿದ್ದುವ ತಂತ್ರಾಂಶಗಳು ಇಂಥ ಹಲವು ಪ್ರತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದರಿಂದ 2 ಜಿಬಿ ರ‍್ಯಾಮ್ ಇರುವ ಯಂತ್ರ ಏದುಸಿರು ಬಿಡುವುದು ನಿಜ. ಇದಕ್ಕೆ ಡಿಸಿರಾದಲ್ಲೇ ಒಂದು ಜಾಣ ಅಡ್ಡದಾರಿ ಇದೆ. ಬಣ್ಣ ಅಂದಾಜಿಸುವ ದೊಡ್ಡ ಕೆಲಸವನ್ನೇ ಬಿಟ್ಟು, ಒಂದು ಕೆಂಪು, ಒಂದು ನೀಲಿ, ಎರಡು ಹಸಿರು ಬಿಂದುಗಳ ಗುಂಪನ್ನು ಒಂದೇ ಬಿಂದುವಾಗಿ ತೋರಿಸಿಬಿಡುವುದು. 6000×4000 ಇದ್ದದ್ದು 3000×2000 ಆಗುತ್ತದೆ, ಮೆಮೊರಿ ಕಾಲು ಭಾಗಕ್ಕೆ ಇಳಿಯುತ್ತದೆ, ನೋಡುತ್ತಿರುವುದು ಮಾತ್ರ ಅಸಲಿ ರಾ. ಫಾಸ್ಟ್‌ಸ್ಟೋನ್‌ನಂಥ ವೀಕ್ಷಕಗಳಲ್ಲೂ ಅರ್ಧ ಗಾತ್ರದ ಆಯ್ಕೆ ಇದೆ. ಬಣ್ಣದ ತೀರ್ಪನ್ನು ಮಾತ್ರ ಹಳೆಯ ಲ್ಯಾಪ್‌ಟಾಪಿನ ಪರದೆಗೆ ಒಪ್ಪಿಸಬಾರದು. ತಲೆ ಸ್ವಲ್ಪ ವಾಲಿಸಿದರೂ ಅದರ ಬಣ್ಣ ಬದಲಾಗುತ್ತದೆ.

ತೀರಾ ಹೊಸ ಕ್ಯಾಮೆರಾಗಳ ವಿಷಯದಲ್ಲಿ ನನ್ನ ವಾದಕ್ಕೊಂದು ಮಿತಿಯಿದೆ. ಕ್ಯಾನನ್ 2018ರಲ್ಲಿ ತಂದ ಸಿಆರ್3 ಹಳೆಯ ಚೀಲದ ಹೊಲಿಗೆಯನ್ನೇ ಬದಲಿಸಿತು, ಅದಕ್ಕೂ ಮೊದಲಿನ ವೀಕ್ಷಕಗಳಿಗೆ ಅದರ ಬಾಯಿ ಸಿಗದು. ನಿಕಾನ್ ಝಡ್9 ಕ್ಯಾಮೆರಾದ ‘ಹೈ ಎಫಿಶಿಯೆನ್ಸಿ’ ರಾದಲ್ಲಿ ಬಳಸಿರುವ ಕುಗ್ಗಿಸುವ ವಿದ್ಯೆ ಮತ್ತೊಂದು ಕಂಪನಿಯ ಸ್ವತ್ತು. ಇಂಥ ಫೈಲುಗಳಿಗೆ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್ ದಾರಿ ತೋರುತ್ತದೆ. 2004ರಲ್ಲಿ ಬಂದ ಡಿಎನ್‌ಜಿಯ ರಚನೆ ಎಲ್ಲರಿಗೂ ತೆರೆದದ್ದು. ಒಮ್ಮೆ ಅದಕ್ಕೆ ಬದಲಿಸಿಕೊಂಡರೆ ಹಳೆಯ ತಂತ್ರಾಂಶಗಳೂ ಓದಬಲ್ಲವು. ಕನ್ವರ್ಟರಿನ ಈಚಿನ ಆವೃತ್ತಿಗೆ ಹೊಸ ಕಂಪ್ಯೂಟರೇ ಬೇಕು ನಿಜ, ಆದರೆ ಬದಲಿಸುವುದು ಒಂದು ಸಂಜೆಯ ಕೆಲಸ. ಗೆಳೆಯರ ಮನೆಯಲ್ಲೋ ಊರಿನ ಸ್ಟುಡಿಯೊದಲ್ಲೋ ಆದೀತು. ಅಲ್ಲಿಂದ ಮುಂದೆ ನಿಮ್ಮ ಯಂತ್ರ ಸಾಕು. ಇನ್ನೂ ಸರಳ ಬೇಕೆಂದರೆ ಕ್ಯಾಮೆರಾದಲ್ಲೇ ‘ರಾ ಜೊತೆ ಜೆಪೆಗ್’ ಆಯ್ಕೆ ಇದೆ, ಕಾರ್ಡಿನಲ್ಲಿ ಜಾಗ ಹೆಚ್ಚು ಹೋಗುತ್ತದೆ ಅಷ್ಟೇ.

ಹಾಗಾದರೆ ರಾ ಗೊಡವೆಯೇ ಏಕೆ, ಬರೀ ಜೆಪೆಗ್ ಸಾಲದೇ ಎಂದೂ ಕೇಳುವವರಿದ್ದಾರೆ. ಸುದ್ದಿಸಂಸ್ಥೆ ರಾಯ್ಟರ್ಸ್ 2015ರಲ್ಲಿ ತನಗಾಗಿ ಬಿಡಿಯಾಗಿ ದುಡಿಯುವ ಛಾಯಾಗ್ರಾಹಕರಿಗೆ ರಾದಿಂದ ಸಂಸ್ಕರಿಸಿದ ಚಿತ್ರ ಕಳಿಸಬೇಡಿ, ಕ್ಯಾಮೆರಾದ ಜೆಪೆಗ್ ಅನ್ನೇ ಕಳಿಸಿ ಎಂದಿತ್ತು. ವೇಗವೂ ನಂಬಿಕೆಯೂ ಅದರ ಕಾರಣ. ಸುದ್ದಿಗೆ ಅದು ಸರಿ. ಆದರೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಂಥವು ಕೊನೆಯ ಸುತ್ತಿಗೆ ಬಂದವರಿಂದ ಮೂಲ ಫೈಲನ್ನೇ ಕೇಳುತ್ತವೆ, ಚಿತ್ರ ತಿದ್ದಿದ್ದಲ್ಲ ಎಂಬುದಕ್ಕೆ ಸಾಕ್ಷಿಯಾಗಿ. ಕಾಡು ಸುತ್ತುವ ನಮ್ಮ ಹುಡುಗರಿಗೆ ಇದು ದೂರದ ಮಾತಲ್ಲ. ಮನೆಯ ಚಿತ್ರಗಳಿಗೂ ರಾ ಎಂದರೆ ನೆಗೆಟಿವ್. ಇವತ್ತಿನ ತಂತ್ರಾಂಶ ಹೊರತರಲಾಗದ ವಿವರವನ್ನು ಹತ್ತು ವರ್ಷದ ನಂತರದ್ದು ತಂದೀತು.

ಆ ನೆಗೆಟಿವ್ ಹಾಳಾಗದಂತೆ ಹಳೆಯ ಯಂತ್ರದಲ್ಲಿ ಎರಡು ಎಚ್ಚರ ಬೇಕು. ಬೆಂಬಲ ನಿಂತ ವ್ಯವಸ್ಥೆಯನ್ನು ಇಂಟರ್‌ನೆಟ್‌ಗೆ ಜೋಡಿಸುವುದು ಅಪಾಯ ಎಂಬ ಮಾತು ನಿಜ, ಆದ್ದರಿಂದ ಚಿತ್ರ ನೋಡುವ ಯಂತ್ರಕ್ಕೆ ನೆಟ್ ಸಂಪರ್ಕ ಕೊಡದಿರುವುದೇ ಲೇಸು. ತಂತ್ರಾಂಶವನ್ನು ಬೇರೆ ಕಂಪ್ಯೂಟರಿನಲ್ಲಿ ಅದನ್ನು ಬರೆದವರ ಸ್ವಂತ ತಾಣದಿಂದಲೇ ಇಳಿಸಿ ತನ್ನಿ. ಎರಡನೆಯದು, ರಾ ಫೈಲಿನ ಮೇಲೆ ಹಳೆಯ ವೀಕ್ಷಕದಲ್ಲಿ ‘ಸೇವ್’ ಒತ್ತಬೇಡಿ, ತಿರುಗಿಸಿ ಉಳಿಸಲೂ ಬೇಡಿ. ಕೊಡಕ್‌ನ ಆರಂಭದ ಡಿಜಿಟಲ್ ಕ್ಯಾಮೆರಾಗಳ ರಾಗೆ ‘ಟಿಫ್’ ಎಂಬ ಸಾಮಾನ್ಯ ಹೆಸರೇ ಇತ್ತು. ಗೊತ್ತಿಲ್ಲದ ತಂತ್ರಾಂಶ ಅದನ್ನು ತೆರೆದಾಗ ಕಾಣುತ್ತಿದ್ದುದು ಒಳಗಿನ ಪುಟ್ಟ ಚಿತ್ರ ಮಾತ್ರ. ಅದನ್ನೇ ಅದೇ ಹೆಸರಿನಲ್ಲಿ ಉಳಿಸಿದರೆ ಪುಟ್ಟ ಚಿತ್ರ ಉಳಿದು ರಾ ಅಳಿದುಹೋಗುತ್ತಿತ್ತು.

ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ. ಚೆನ್ನಾಗಿಯೇ ನಡೆಯುತ್ತಿರುವ ಎಷ್ಟೋ ಮನೆಗಳ ಕಂಪ್ಯೂಟರಿಗೆ ಈಗ ಹಳೆಯದೆಂಬ ಹೆಸರು ಬಿದ್ದಿದೆ. ನಿಮ್ಮದೂ ಅದರಲ್ಲಿ ಒಂದಾಗಿದ್ದರೆ, ಎಸೆಯುವ ಮೊದಲು ಒಂದು ವೀಕ್ಷಕ ಹಾಕಿ ನಿಮ್ಮ ರಾ ಫೈಲುಗಳನ್ನು ತೆರೆದು ನೋಡಿ. ಹೊಸ ಯಂತ್ರಕ್ಕೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲಿನಿಂದ ಎರಡು ಹೊರಗಿನ ಹಾರ್ಡ್ ಡಿಸ್ಕ್ ಕೊಂಡು, ಎರಡರಲ್ಲೂ ಆ ಚಿತ್ರಗಳ ಪ್ರತಿ ಇಡಿ.