ಕತ್ತರಿ, ಗೋಂದು, ಸರ್ಕಾರ: ನಿಮಗಿದು ಗೊತ್ತೇ?

ಹಳೇ ಪತ್ರಿಕೆ, ಕತ್ತರಿ, ಒಂದು ಡಬ್ಬಿ ಗೋಂದು. ರಾಜಕೀಯ ಕೊಲಾಜ್‌ಗೆ ಬಂಡವಾಳ ಇಷ್ಟೇ. ಬೇಕಾದ ಚಿತ್ರಗಳನ್ನು ಹೆಚ್ಚಿನ ಸಲ ಎದುರಾಳಿಯೇ ತನ್ನ ಖರ್ಚಿನಲ್ಲಿ ಅಚ್ಚು ಹಾಕಿಸಿ ಕೊಟ್ಟಿರುತ್ತಾನೆ.

● 1912ರಲ್ಲಿ ಪಿಕಾಸೊ ಸೀಸೆ, ಲೋಟ, ಮೇಜಿನ ಚಿತ್ರಗಳಿಗೆ ಪತ್ರಿಕೆಯ ತುಂಡುಗಳನ್ನು ಅಂಟಿಸತೊಡಗಿದ. ದೂರದಿಂದ ನೋಡಿದರೆ ಬರೀ ಹೋಟೆಲ್ ಮೇಜು. ಹತ್ತಿರ ಹೋಗಿ ಅಕ್ಷರ ಓದಿದರೆ ಹಲವು ಕಡೆ ಬಾಲ್ಕನ್ ಯುದ್ಧದ ವರದಿ! ಬೇಕೆಂದೇ ಆರಿಸಿದನೋ, ಕೈಗೆ ಸಿಕ್ಕಿದ್ದನ್ನು ಮೆತ್ತಿದನೋ ಎಂಬ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

● ಬರ್ಲಿನ್‌ನ ದಾದಾ ಎಂಬ ಬಂಡಾಯ ಗುಂಪಿನ ಕಲಾವಿದೆ ಹಾನ್ನಾ ಹ್ಯೋಖ್‌ಗೆ ಫೋಟೊಮಾಂಟೇಜ್, ಅಂದರೆ ಫೋಟೊಗಳನ್ನು ಕತ್ತರಿಸಿ ಜೋಡಿಸುವ ಕಲೆ, ಹೊಳೆದದ್ದು ರಜೆಯಲ್ಲಿ. 1918ರಲ್ಲಿ ಬಾಲ್ಟಿಕ್ ಕಡಲತೀರದಲ್ಲಿ ಆಕೆ ಮತ್ತು ಗೆಳೆಯ ರಾವುಲ್ ಹಾಸ್‌ಮನ್ ಸೈನಿಕರ ನೆನಪಿನ ಚಿತ್ರಗಳನ್ನು ಕಂಡರು. ಸಮವಸ್ತ್ರದ ಮೈ ಅಚ್ಚಿನದು, ಮುಖ ಮಾತ್ರ ಅಂಟಿಸಿದ್ದು. ನಮ್ಮ ಜಾತ್ರೆಯ ಸ್ಟುಡಿಯೊಗಳಲ್ಲಿ ರಾಜನ ಕಟೌಟ್‌ಗೆ ಮುಖ ತೂರಿಸಿ ಫೋಟೊ ಹೊಡೆಸಿಕೊಳ್ಳುತ್ತಿದ್ದರಲ್ಲ, ಹಾಗೆ.

● ಹ್ಯೋಖ್‌ಳ ಹೊಟ್ಟೆಪಾಡು ಉಲ್‌ಸ್ಟೈನ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯಲ್ಲಿ ಕಸೂತಿ, ಲೇಸ್ ವಿನ್ಯಾಸ ಬರೆಯುವುದು. ಆ ಸಂಸ್ಥೆಯ ಸಚಿತ್ರ ಪತ್ರಿಕೆಗಳನ್ನೇ ಕತ್ತರಿಸಿ 1919-20ರಲ್ಲಿ ತನ್ನ ಅತಿ ಪ್ರಸಿದ್ಧ ಕೊಲಾಜ್ ಮಾಡಿದಳು. ಅದರ ಉದ್ದ ಶೀರ್ಷಿಕೆಯಲ್ಲಿ ಅಡುಗೆಮನೆಯ ಚಾಕು ಬರುತ್ತದೆ. ಆ ಚಾಕು ಹಾಯುವುದು ಜರ್ಮನಿಯ ಬಿಯರ್ ಹೊಟ್ಟೆಯ ಮೂಲಕ. ಕೆಳಗಿನ ಬಲಮೂಲೆಯನ್ನು ನೋಡಿ: ಹೆಂಗಸರಿಗೆ ಮತದಾನದ ಹಕ್ಕಿದ್ದ ಯುರೋಪಿನ ದೇಶಗಳ ಪುಟ್ಟ ನಕಾಶೆ, ಅದರ ಪಕ್ಕಕ್ಕೆ ಸಹಿಯಂತೆ ಆಕೆಯದೇ ಚಿಕ್ಕ ತಲೆ. 1920ರ ದಾದಾ ಮೇಳದಲ್ಲಿ ಈಕೆಗೆ ಜಾಗ ಬೇಡವೆಂದವರು ಯಾರು ಬಲ್ಲಿರಾ? ಸಹಕಲಾವಿದರಾದ ಗ್ರೋಸ್ ಮತ್ತು ಹಾರ್ಟ್‌ಫೀಲ್ಡ್. ನಾನೂ ಬರುವುದಿಲ್ಲ ಎಂದು ಹಾಸ್‌ಮನ್ ಬೆದರಿಸಿದ ಮೇಲೆಯೇ ಒಪ್ಪಿದ್ದು. ಕ್ರಾಂತಿಕಾರಿಗಳ ಮನೆಯಲ್ಲೂ ಹೆಂಗಸರ ಪಾಡು ಹೀಗೆ.

● ಅದೇ ಮೇಳದಲ್ಲಿ ಹಂದಿಮುಖದ ಸೈನಿಕನ ಬೊಂಬೆಯೊಂದು ಚಾವಣಿಯಿಂದ ತೂಗುತ್ತಿತ್ತು. ಸೇನೆಗೆ ಸಿಟ್ಟು ಬಂತು. 1921ರಲ್ಲಿ ಕೋರ್ಟು; ಸೇನೆಯನ್ನು ಅಣಕಿಸಿದ ಚಿತ್ರಸಂಪುಟಕ್ಕಾಗಿ ಗ್ರೋಸ್‌ಗೆ ದಂಡ.

● ಜಾನ್ ಹಾರ್ಟ್‌ಫೀಲ್ಡ್ ಹೆಸರು ಇಂಗ್ಲಿಷಿನದು, ಮನುಷ್ಯ ಅಪ್ಪಟ ಜರ್ಮನ್. ಹುಟ್ಟಿದಾಗ ಹೆಲ್ಮುಟ್ ಹೆರ್ಟ್ಸ್‌ಫೆಲ್ಡ್. ಮೊದಲ ಮಹಾಯುದ್ಧದಲ್ಲಿ ದೇಶವೆಲ್ಲ ಇಂಗ್ಲೆಂಡಿಗೆ ಶಾಪ ಹಾಕುತ್ತಿದ್ದಾಗ, ಅದನ್ನು ಪ್ರತಿಭಟಿಸಲೆಂದೇ 1916ರಲ್ಲಿ ಶತ್ರುವಿನ ಭಾಷೆಯಲ್ಲಿ ಹೆಸರಿಟ್ಟುಕೊಂಡ.

1930ರಿಂದ 38ರವರೆಗೆ ಎಐಜೆಡ್ ಎಂಬ ಕಾರ್ಮಿಕರ ಸಚಿತ್ರ ವಾರಪತ್ರಿಕೆಗೆ ಈತ ಮಾಡಿಕೊಟ್ಟ ಮಾಂಟೇಜ್‌ಗಳು 230ಕ್ಕೂ ಹೆಚ್ಚು. ಗ್ಯಾಲರಿಯ ಗೋಡೆಗಲ್ಲ, ಪತ್ರಿಕೆ ಮಾರುವ ಅಂಗಡಿಗೆ. 1932ರ ಒಂದರಲ್ಲಿ ಭಾಷಣ ಮಾಡುತ್ತಿರುವ ಹಿಟ್ಲರನ ಎದೆಯ ಎಕ್ಸ್‌ರೇ: ಬೆನ್ನೆಲುಬಿನ ಜಾಗದಲ್ಲಿ ಚಿನ್ನದ ನಾಣ್ಯಗಳ ಸಾಲು, ಹೃದಯದ ಜಾಗದಲ್ಲಿ ಸ್ವಸ್ತಿಕ. ಉದ್ಯಮಿಗಳ ದುಡ್ಡು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಸಲು ಸಂಪಾದಕೀಯ ಬೇಕಾಗಲಿಲ್ಲ.

ನನಗೆ ಇದಕ್ಕಿಂತ ಮೆಚ್ಚು 1935ರದ್ದು. ಕಬ್ಬಿಣ ದೇಶವನ್ನು ಬಲಪಡಿಸುತ್ತದೆ, ಬೆಣ್ಣೆ ತಿಂದರೆ ಬರೀ ಕೊಬ್ಬು ಎಂಬ ಅರ್ಥದಲ್ಲಿ ನಾತ್ಸಿ ನಾಯಕ ಗೋರಿಂಗ್ ಭಾಷಣ ಬಿಗಿದಿದ್ದ. ಹಾರ್ಟ್‌ಫೀಲ್ಡ್ ಆ ಮಾತನ್ನು ಒಂದಕ್ಷರ ತಿದ್ದದೆ ಕೆಳಗೆ ಅಚ್ಚು ಹಾಕಿಸಿ, ಮೇಲೆ ಒಂದು ಸಂಸಾರವನ್ನು ಊಟಕ್ಕೆ ಕೂರಿಸಿದ. ಎಲ್ಲರೂ ಸೈಕಲ್ಲಿನ ಭಾಗ ಮುಂತಾದ ಕಬ್ಬಿಣದ ಸಾಮಾನುಗಳನ್ನು ಕಡಿಯುತ್ತಿದ್ದಾರೆ, ಕೂಸು ಕೊಡಲಿ ಚೀಪುತ್ತಿದೆ. ಶತ್ರುವಿನ ಮಾತು, ಶತ್ರುವಿನ ಲಾಂಛನ. ಕಲಾವಿದನದು ಕತ್ತರಿ ಮಾತ್ರ.

● 1933ರ ಏಪ್ರಿಲ್‌ನಲ್ಲಿ ನಾತ್ಸಿಗಳು ಮನೆಗೆ ನುಗ್ಗಿದಾಗ ಹಾರ್ಟ್‌ಫೀಲ್ಡ್ ಬಾಲ್ಕನಿಯಿಂದ ಹಾರಿ ಕಸದ ತೊಟ್ಟಿಯಲ್ಲಿ ಅಡಗಿದ. ಬಳಿಕ ಬೆಟ್ಟ ದಾಟಿ ಪ್ರಾಗ್ ಸೇರಿದ. ಮರುವರ್ಷ ಅಲ್ಲಿನ ಪ್ರದರ್ಶನದಲ್ಲಿ ಜರ್ಮನ್ ರಾಯಭಾರಿಯ ಒತ್ತಡದಿಂದ ಅವನ ಕೆಲವು ಚಿತ್ರಗಳನ್ನು ಕಿತ್ತರು. ಕಿತ್ತದ್ದರ ಬಗ್ಗೆಯೇ ಮತ್ತೊಂದು ಮಾಂಟೇಜ್ ಮಾಡಿದ! ಕೊನೆಗೆ ಇಂಗ್ಲೆಂಡಿಗೆ ಓಡಿದರೆ, 1940ರಲ್ಲಿ ಅಲ್ಲಿನ ಸರ್ಕಾರ ಶತ್ರುದೇಶದವನೆಂದು ಹಿಡಿದು ಶಿಬಿರದಲ್ಲಿಟ್ಟಿತು. ಇಂಗ್ಲಿಷ್ ಹೆಸರು ಕೈ ಹಿಡಿಯಲಿಲ್ಲ.

● ಕತ್ತರಿ ಸರ್ಕಾರದ ಪರವಾಗಿಯೂ ಆಡುತ್ತದೆ. ಸೋವಿಯತ್ ಪೋಸ್ಟರ್‌ಗಳ ಗುಸ್ತಾವ್ ಕ್ಲುತ್ಸಿಸ್ ಸ್ಟಾಲಿನ್ನನ ಯೋಜನೆಗಳನ್ನು ಹೊಗಳಿ ಮಾಂಟೇಜ್ ಮಾಡಿದವನು. 1930ರ ಹೆಸರಾಂತ ಪೋಸ್ಟರಿನಲ್ಲಿ ಎತ್ತಿದ ಕೈ ಅವನದೇ. 1938ರಲ್ಲಿ ಅದೇ ಸ್ಟಾಲಿನ್ ಸರ್ಕಾರ ಅವನನ್ನು ಗುಂಡಿಟ್ಟು ಕೊಂದಿತು. ಹೃದಯಾಘಾತವೆಂದು ಮನೆಯವರಿಗೆ ಸುಳ್ಳು ಹೇಳಿತು.

● ಪಿಕಾಸೊ ಬಳಿ ಹೋಗಿ 1937ರ ಪ್ಯಾರಿಸ್ ಮೇಳಕ್ಕೆ ಚಿತ್ರ ಬರೆದುಕೊಡಿ ಎಂದು ಸ್ಪೇನ್ ಸರ್ಕಾರದ ಪರವಾಗಿ ಕೇಳಿದವರಲ್ಲಿ ಫೋಟೊಮಾಂಟೇಜ್ ಕಲಾವಿದ ಜೋಸೆಪ್ ರೆನೌ ಕೂಡ ಒಬ್ಬ. ಬಂದದ್ದು 'ಗೆರ್ನಿಕಾ'.

● ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಮನೆಗಳ ಒಂದೇ ಟೀಪಾಯಿಯ ಮೇಲೆ ಯುದ್ಧದ ಫೋಟೊಗಳ ಪತ್ರಿಕೆಯೂ ಗೃಹಾಲಂಕಾರದ ಪತ್ರಿಕೆಯೂ ಇರುತ್ತಿದ್ದವು. ಕಲಾವಿದೆ ಮಾರ್ಥಾ ರೋಸ್ಲರ್ ಒಂದರ ಒಳಗೆ ಇನ್ನೊಂದನ್ನು ಕೂರಿಸಿದಳು. ಗೃಹಿಣಿಯೊಬ್ಬಳು ಪರದೆಯ ಧೂಳು ತೆಗೆಯುತ್ತಿದ್ದಾಳೆ, ಪರದೆಯಾಚೆ ಸೈನಿಕರು. ಈ ಕೊಲಾಜ್‌ಗಳನ್ನು ಆಗ ಫೋಟೊಕಾಪಿ ಮಾಡಿಸಿ ಮೆರವಣಿಗೆಗಳಲ್ಲಿ ಹಂಚುತ್ತಿದ್ದಳು. ಇರಾಕ್ ಯುದ್ಧ ಬಂದಾಗ, 2004ರಲ್ಲಿ ಅದೇ ಸರಣಿಗೆ ಮರಳಿದಳು.

● ಅಮೆರಿಕದ ಕಲಾವಿದೆ ಬೆಟಿ ಸಾರ್ 1972ರಲ್ಲಿ ಅಡುಗೆಮನೆಯ ನೋಟ್‌ಪ್ಯಾಡ್ ಹಿಡಿಕೆಯೊಂದನ್ನು ತೆಗೆದುಕೊಂಡಳು. 'ಆಂಟ್ ಜೆಮೈಮಾ' ಮಾದರಿಯ ಕಪ್ಪು ಕೆಲಸದಾಕೆಯ ಬೊಂಬೆ ಅದು. ಪೊರಕೆಯ ಜೊತೆಗೆ ಆಕೆಯ ಇನ್ನೊಂದು ಕೈಗೆ ಬಂದೂಕು ಕೊಟ್ಟು, ಹಿಂದಿನ ಗೋಡೆಗೆ ಅದೇ ಹೆಸರಿನ ಪ್ಯಾನ್‌ಕೇಕ್ ಹಿಟ್ಟಿನ ಲೇಬಲ್ಲುಗಳನ್ನು ಸಾಲಾಗಿ ಅಂಟಿಸಿದಳು. ಆ ಹೆಸರನ್ನು ಕಂಪನಿ ಕೈಬಿಟ್ಟದ್ದು 2021ರಲ್ಲಿ. ಅರ್ಧ ಶತಮಾನ ತಡ.

● ಬ್ರಿಟಿಷ್ ಕಲಾವಿದ ಪೀಟರ್ ಕೆನಾರ್ಡ್‌ಗೆ 1980ರಲ್ಲಿ ಸಿಕ್ಕಿದ್ದು ಚಿತ್ರಕಾರ ಕಾನ್‌ಸ್ಟೆಬಲ್‌ನ 1821ರ ಹುಲ್ಲುಗಾಡಿಯ ಚಿತ್ರ. ಇಂಗ್ಲೆಂಡಿನವರಿಗೆ ತವರಿನ ಪಟ. ಗಾಡಿಯಲ್ಲಿ, ಆ ದೇಶಕ್ಕೆ ಬರಲಿದ್ದ ಅಮೆರಿಕದ ಕ್ರೂಸ್ ಕ್ಷಿಪಣಿಗಳನ್ನು ಹೇರಿದ, ಅಷ್ಟೇ.

● 1993ರ ಆರಂಭದ ಮುಂಬೈ ಗಲಭೆಯಲ್ಲಿ ಬೀದಿಯಲ್ಲಿ ಸತ್ತುಬಿದ್ದ ಒಬ್ಬ ಮನುಷ್ಯನ ಪತ್ರಿಕಾ ಫೋಟೊ ಇಟ್ಟುಕೊಂಡು ಕಲಾವಿದ ವಿವಾನ್ ಸುಂದರಂ 'ಮೆಮೋರಿಯಲ್' ಕಟ್ಟಿದರು. ಆ ಒಂದೇ ಫೋಟೊವನ್ನು ಮತ್ತೆ ಮತ್ತೆ ಬಳಸಿ, ಮೊಳೆ ಹೊಡೆದು. ಅದರಲ್ಲಿನ ಹೆಸರಿಲ್ಲದ ಶವಕ್ಕೆ ಸರ್ಕಾರ ಕೊಡದ ಸ್ಮಾರಕವಿದು.

● ಕೊನೆಯದು ಅಮೆರಿಕದ ತೆರಿಗೆ ಇಲಾಖೆಯದು. ಕಲಾವಿದ ರಾಷನ್‌ಬರ್ಗ್ 1959ರ 'ಕ್ಯಾನ್ಯನ್'ನಲ್ಲಿ ಫೋಟೊ, ಬಟ್ಟೆ, ಬಣ್ಣದ ಜೊತೆಗೆ ಸತ್ತ ಮೇಲೆ ತುಂಬಿಸಿಟ್ಟ ನಿಜವಾದ ಹದ್ದನ್ನೇ ಸೇರಿಸಿದ್ದ. ಆ ಹದ್ದು ಅಮೆರಿಕದ ರಾಷ್ಟ್ರಪಕ್ಷಿ, ಅದರ ಮಾರಾಟ ಅಪರಾಧ. ಹಾಗಾಗಿ ಇದರ ಬೆಲೆ ಸೊನ್ನೆ ಎಂದರು ತೀರಿಕೊಂಡ ಒಡತಿಯ ವಾರಸುದಾರರು. ಇಲ್ಲ, ಆರೂವರೆ ಕೋಟಿ ಡಾಲರ್ ಎಂದಿತು ಇಲಾಖೆ. ಮಾರುವಂತಿಲ್ಲ, ತೆರಿಗೆ ಮಾತ್ರ ಕಟ್ಟಬೇಕು! 2012ರಲ್ಲಿ ಅದನ್ನು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ದಾನ ಕೊಟ್ಟು ವಾರಸುದಾರರು ಕೈ ತೊಳೆದುಕೊಂಡರು.