ಸುತ್ತಿಗೆ ತಲೆಯ ಚಪ್ಪಟೆ ಹುಳು

ಮಳೆಗಾಲದಲ್ಲಿ ಹೂಕುಂಡ ಎತ್ತಿದಾಗ ಅದರಡಿಯಲ್ಲಿ ಗೇಣುದ್ದದ ತೆಳ್ಳಗಿನ ಹುಳುವೊಂದು ಕಂಡರೆ ಹಲವರು ಅದನ್ನು ಜಿಗಣೆ ಅಥವಾ ಹಾವಿನ ಮರಿ ಎಂದುಕೊಳ್ಳುತ್ತಾರೆ. ತಲೆ ಬೀಸಣಿಗೆಯಂತೆ ಅಗಲವಾಗಿ, ಅರ್ಧಚಂದ್ರಾಕಾರದಲ್ಲಿದ್ದರೆ ಅದು ಎರಡೂ ಅಲ್ಲ, ನೆಲದ ಮೇಲೆ ಬದುಕುವ ಚಪ್ಪಟೆ ಹುಳು. ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಪ್ಲಾಟಿಹೆಲ್ಮಿಂಥಿಸ್ ವಂಶಕ್ಕೆ ಉದಾಹರಣೆಯಾಗಿ ನಾವು ಓದುವ ಲಾಡಿಹುಳು ಮತ್ತು ಯಕೃತ್ತಿನ ಹುಳುಗಳು ಪರಾವಲಂಬಿಗಳು. ಅದೇ ವಂಶದ ಈ ಹುಳು ಸ್ವತಂತ್ರವಾಗಿ ಬೇಟೆಯಾಡಿ ಬದುಕುತ್ತದೆ. ಆದ್ದರಿಂದಲೇ ಇದರ ಬಗ್ಗೆ ಬರೆಯಬೇಕೆನಿಸಿತು.

ಈ ಗುಂಪಿನಲ್ಲಿ ಹೆಚ್ಚು ಪರಿಚಿತವಾದ ಪ್ರಭೇದ ಬೈಪೇಲಿಯಂ ಕ್ಯೂವೆನ್ಸ್. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಸಿಕ್ಕ ಹುಳುವನ್ನು ಎಚ್. ಎನ್. ಮೋಸ್ಲಿ ಎಂಬ ವಿಜ್ಞಾನಿ 1878ರಲ್ಲಿ ವರ್ಣಿಸಿದರು. ಇದರ ಮೂಲ ಆಗ್ನೇಯ ಏಷ್ಯಾ. ಗಿಡಗಳ ಬೇರಿನ ಮಣ್ಣಿನಲ್ಲಿ ಅಡಗಿಕೊಂಡು ಇದು ಅನೇಕ ದೇಶಗಳಿಗೆ ಹರಡಿದೆ.

ಉದ್ದ 20 ಸೆಂಟಿಮೀಟರಿಗೂ ಹೆಚ್ಚಿರಬಹುದು. ತಿಳಿ ಕಂದು ಬಣ್ಣದ ಬೆನ್ನಿನ ಮೇಲೆ ಉದ್ದಕ್ಕೂ 5 ಕಪ್ಪು ಗೆರೆಗಳಿವೆ. ತಲೆಯ ಅಂಚಿನಲ್ಲಿ ಚುಕ್ಕೆಗಳಂಥ ಹಲವಾರು ಸಣ್ಣ ಕಣ್ಣುಗಳಿವೆ. ಅವು ಬೆಳಕು, ಕತ್ತಲೆಯನ್ನಷ್ಟೇ ಗುರುತಿಸುತ್ತವೆ. ಹೊಟ್ಟೆಯ ಭಾಗದಲ್ಲಿರುವ ಲೋಮಾಂಗಗಳು ಮತ್ತು ಲೋಳೆಯ ನೆರವಿನಿಂದ ಹುಳು ಜಾರುತ್ತಾ ಸಾಗುತ್ತದೆ.

ನನಗೆ ಹೆಚ್ಚು ಅಚ್ಚರಿ ತಂದದ್ದು ಬಾಯಿಯ ಜಾಗ. ಅದು ತಲೆಯಲ್ಲಿಲ್ಲ, ದೇಹದ ನಡುಭಾಗದಲ್ಲಿ ಹೊಟ್ಟೆಯ ಕಡೆ ಇದೆ. ಎರೆಹುಳು ಸಿಕ್ಕರೆ ಅದನ್ನು ಸುತ್ತಿ ಹಿಡಿದು, ಗಂಟಲನ್ನು ಬಾಯಿಯಿಂದ ಹೊರಚಾಚಿ, ಕಿಣ್ವಗಳಿಂದ ಕರಗಿಸಿ ಹೀರುತ್ತದೆ. ಗುದದ್ವಾರ ಇಲ್ಲದ್ದರಿಂದ ಜೀರ್ಣವಾಗದೆ ಉಳಿದದ್ದೂ ಬಾಯಿಯಿಂದಲೇ ಹೊರಬರುತ್ತದೆ. ಹೃದಯ, ರಕ್ತನಾಳ, ಶ್ವಾಸಕೋಶ ಯಾವುದೂ ಇಲ್ಲ. ದೇಹ ಚಪ್ಪಟೆಯಾಗಿರುವುದರಿಂದ ಆಮ್ಲಜನಕ ಚರ್ಮದ ಮೂಲಕವೇ ಒಳಗೆ ತಲುಪುತ್ತದೆ. ಚರ್ಮ ಒಣಗಿದರೆ ಹುಳು ಸಾಯುತ್ತದೆ. ಹೀಗಾಗಿ ತೇವ ಇರುವಲ್ಲೇ ಇದರ ವಾಸ.

ಗೆಳೆಯರೇ, ಇದನ್ನು ಕಂಡರೆ ಕತ್ತರಿಸಬೇಡಿ. ಬಾಲದ ತುಂಡು ತಾನಾಗಿ ಕಳಚಿ ಹೊಸ ಹುಳುವಾಗುವುದೇ ಇದರ ಮುಖ್ಯ ಸಂತಾನೋತ್ಪತ್ತಿ ಕ್ರಮ. ಕತ್ತರಿಸಿದ ತುಂಡುಗಳೂ ಹಾಗೆಯೇ ಬೆಳೆಯಬಲ್ಲವು. ಬರಿಗೈಯಿಂದ ಮುಟ್ಟಲೂಬೇಡಿ. ಪಫರ್ ಮೀನಿನಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಇದರಲ್ಲೂ ಇರುವುದು 2014ರಲ್ಲಿ ಪತ್ತೆಯಾಗಿದೆ. ತೋಟದ ಮಣ್ಣನ್ನು ಸಡಿಲಗೊಳಿಸುವ ಎರೆಹುಳುಗಳನ್ನು ಇದು ತಿನ್ನುವುದರಿಂದ, ಹೊಸ ಗಿಡ ತಂದಾಗ ಕುಂಡದ ತಳವನ್ನು ಒಮ್ಮೆ ನೋಡಿ. ಹುಳು ಇದ್ದರೆ ಕಡ್ಡಿಯಿಂದ ಎತ್ತಿ ಉಪ್ಪು ತುಂಬಿದ ಡಬ್ಬಿಗೆ ಹಾಕಿದರೆ ಸಾಕು.